ತುಂಗೆಗೆ ಬೀಳುವ ಚರಂಡಿಗಳ ಜಾಡು ಹಿಡಿದು

ಪ್ರಶ್ನೆ: ನಾವು ಶಿವಮೊಗ್ಗದ ಹಳೆಯ ಬಡಾವಣೆಯೊಂದರ ನಿವಾಸಿಗಳು. ಕಳೆದ ಬೇಸಿಗೆಯಿಂದ ಪ್ರತಿ ಭಾನುವಾರ ಬೆಳಿಗ್ಗೆ ತುಂಗೆಯ ದಂಡೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್, ಹಳೆ ಬಟ್ಟೆ, ಒಡೆದ ದೇವರ ಪಟಗಳನ್ನು ಆರಿಸಿ ಪಾಲಿಕೆಯ ಗಾಡಿಗೆ ತುಂಬುತ್ತಿದ್ದೇವೆ. ಹದಿನೈದು ದಿನಕ್ಕೆ ಎಲ್ಲವೂ ಮೊದಲಿನಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಬಡಾವಣೆಯ ಚರಂಡಿಯಿಂದ ಹೊಳೆಗೆ ಬೀಳುವ ಕಪ್ಪು ನೀರು ಒಂದು ದಿನವೂ ನಿಂತಿಲ್ಲ. ಸೂಕ್ಷ್ಮಾಣುಜೀವಿಗಳ ಉಂಡೆ ಹಾಕಿದರೆ ನೀರು ಶುದ್ಧವಾಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಮಳೆಗೆ ಮುಂಚೆ ಜೆಸಿಬಿ ಇಳಿಸಿ ಹೂಳು ತೆಗೆಸೋಣ ಎಂಬುದು ಇನ್ನೊಬ್ಬರ ಸಲಹೆ. ಒಂದು ಖಾಸಗಿ ಕಂಪನಿ ದಂಡೆಗೆ ಕಲ್ಲಿನ ಗೋಡೆ ಮತ್ತು ಉದ್ಯಾನ ಕಟ್ಟಿಸಿಕೊಡಲು ಮುಂದೆ ಬಂದಿದೆ. ಹಿರಿಯರು ಮಾತ್ರ ತುಂಗೆ ತನ್ನನ್ನು ತಾನೇ ತೊಳೆದುಕೊಳ್ಳುತ್ತಾಳೆ, ಚಿಂತೆ ಬೇಡ ಎನ್ನುತ್ತಾರೆ. ಕಚೇರಿಗಳಿಗೆ ಹೋದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ನಾವು ಮಾಡುತ್ತಿರುವುದು ವ್ಯರ್ಥವೇ? ಯಾವುದಕ್ಕೆ ಕೈ ಹಾಕಬೇಕು, ಯಾರನ್ನು ಹಿಡಿಯಬೇಕು? ನ್ಯಾಯಾಲಯಕ್ಕೆ ಹೋಗುವುದು ಒಳ್ಳೆಯದೇ?

ಉತ್ತರ: ನಿಮ್ಮ ಚಿಂತೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ಒಂದು, ದಂಡೆಯ ಮೇಲೆ ಕಣ್ಣಿಗೆ ಕಾಣುವ ಕಸ. ಇನ್ನೊಂದು, ಚರಂಡಿಯಿಂದ ನೀರಿನೊಳಗೆ ಕರಗಿ ಹೋಗುವ ಕೊಳೆ. ನಗರದ ಹೊಳೆಯೊಂದರ ಆರೋಗ್ಯವನ್ನು ಕೆಡಿಸುವುದು ಬಹುಪಾಲು ಎರಡನೆಯದು. ಜನರ ಶ್ರಮ, ಫೋಟೋ, ದೇಣಿಗೆಗಳೆಲ್ಲ ಹೋಗುವುದು ಬಹುಪಾಲು ಮೊದಲನೆಯದಕ್ಕೆ. ಚರಂಡಿಯನ್ನು ಬಿಟ್ಟು ದಂಡೆಯನ್ನಷ್ಟೇ ಶುಚಿ ಮಾಡುವುದು ಸೋರುವ ನಲ್ಲಿಯನ್ನು ಹಾಗೇ ಬಿಟ್ಟು ನೆಲ ಒರೆಸಿದಂತೆ. ಹಾಗೆಂದು ನಿಮ್ಮ ಭಾನುವಾರಗಳು ವ್ಯರ್ಥವಾಗಿಲ್ಲ. ಕಪ್ಪು ನೀರು ಒಂದು ದಿನವೂ ನಿಂತಿಲ್ಲ ಎಂಬುದನ್ನು ಯಾವ ಕಚೇರಿಯ ಕಡತವೂ ನಿಮಗೆ ಹೇಳಿರಲಿಲ್ಲ. ವಾರವಾರ ಅಲ್ಲಿಗೆ ಹೋಗಿದ್ದರಿಂದಲೇ ನಿಮಗದು ಗೊತ್ತಾಯಿತು. ನಾನು ಮುಂದೆ ಹೇಳುವುದೆಲ್ಲ ಆ ಒಂದು ಗಮನಿಕೆಯ ಮೇಲೆ ನಿಂತಿದೆ.

ಮೊದಲು ಹಿರಿಯರ ಮಾತನ್ನು ನೋಡೋಣ. 'ತುಂಗಾ ಪಾನ, ಗಂಗಾ ಸ್ನಾನ' ಎಂದು ಹಾಡಿದ ನಾಡಿನಲ್ಲಿ ಈ ನಂಬಿಕೆ ಸಹಜ, ಅದರಲ್ಲಿ ಸತ್ಯಾಂಶವೂ ಇದೆ. ಹರಿಯುವ ನೀರು ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ಆಮ್ಲಜನಕವನ್ನು ಬಳಸಿ ಕೊಳೆಯನ್ನು ತಿಂದು ಮುಗಿಸುತ್ತವೆ. ಆದರೆ ಈ ಶಕ್ತಿಗೆ ಮಿತಿ ಇದೆ, ಮತ್ತು ಆ ಮಿತಿಯನ್ನು ಲೆಕ್ಕ ಹಾಕಿ ನೋಡಬಹುದು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬ ಸಾಮಾನ್ಯ ಲೆಕ್ಕವನ್ನು ಹಿಡಿದರೆ ಆ ಜನಸಂಖ್ಯೆಗೇ ದಿನಕ್ಕೆ ಸುಮಾರು ಮೂರೂವರೆ ಕೋಟಿ ಲೀಟರ್ ಕೊಳಚೆ ನೀರು ಆಗುತ್ತದೆ. ಸಂಸ್ಕರಿಸದ ಕೊಳಚೆಯ ಬಿಒಡಿ, ಅಂದರೆ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ, ಲೀಟರಿಗೆ 250 ಮಿಲಿಗ್ರಾಂನಷ್ಟಿರುತ್ತದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು 3 ಮಿಲಿಗ್ರಾಂ ಮೀರಬಾರದು. ಮೇಲಿನಿಂದ ಬರುವ ತುಂಗೆಯ ನೀರು 1 ಮಿಲಿಗ್ರಾಂನಷ್ಟು ಶುದ್ಧವಾಗಿದೆ ಎಂದುಕೊಂಡರೂ, ಇಡೀ ಕೊಳಚೆ ಹಾಗೆಯೇ ಹೊಳೆಗೆ ಬಿದ್ದರೆ ಅದನ್ನು ಆ ಮಿತಿಯೊಳಗೆ ತರಲು ಸುಮಾರು 1,750 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿವು ಬೇಕು. ಅದರ ಕಾಲು ಭಾಗ ಮಾತ್ರ ಬಿದ್ದರೂ 440 ಕ್ಯುಸೆಕ್‌ನಷ್ಟು ಬೇಕು.

ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ಹತ್ತಾರು ಸಾವಿರ ಕ್ಯುಸೆಕ್ ನೀರು ಇಳಿಯುವಾಗ ಈ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ. ಏಪ್ರಿಲ್‌ನಲ್ಲಿ, ಅಣೆಕಟ್ಟೆಯಿಂದ ಬಿಟ್ಟಷ್ಟೇ ನೀರು ಬಂಡೆಗಳ ನಡುವೆ ಹರಿದು ಉಳಿದದ್ದು ಮಡುಗಳಲ್ಲಿ ನಿಂತಾಗ, ಲೆಕ್ಕ ತಿರುಗಿಬೀಳುತ್ತದೆ. ಅದರ ಮೇಲೆ, ಬೆಚ್ಚಗಿನ ನೀರು ಹಿಡಿದುಕೊಳ್ಳುವ ಆಮ್ಲಜನಕವೂ ಕಡಿಮೆ. 30 ಡಿಗ್ರಿಯಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು ಮಾತ್ರ. ಹಿರಿಯರು ಕಂಡ ತುಂಗೆ ಕಡಿಮೆ ಜನರ, ಬಯಲು ಬಚ್ಚಲಿನ, ರಾಸಾಯನಿಕ ಸೋಪಿಲ್ಲದ ಕಾಲದ ತುಂಗೆ. ಅವರು ಕಂಡಿದ್ದು ನಿಜ, ಇಂದಿಗೆ ಅದು ಹೊಂದುವುದಿಲ್ಲ, ಅಷ್ಟೆ. ಹಾಗೆಯೇ ಹೊಳೆ ಸತ್ತುಹೋಗಿದೆ ಎನ್ನುವವರ ಮಾತೂ ಸರಿಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪಟ್ಟಿ ಮಾಡಿದ ದೇಶದ 351 ಕಲುಷಿತ ನದಿ ಭಾಗಗಳಲ್ಲಿ ಶಿವಮೊಗ್ಗದಿಂದ, ಭದ್ರೆ ಬಂದು ಸೇರುವ ಕೂಡ್ಲಿಯವರೆಗಿನ ತುಂಗೆಯೂ ಇತ್ತು. ಆದರೆ ಐದು ದರ್ಜೆಗಳಲ್ಲಿ ಕೊನೆಯದೂ ಎಲ್ಲಕ್ಕಿಂತ ಕಡಿಮೆ ಕೆಟ್ಟದ್ದೂ ಆದ, ಎಂದರೆ ಬಿಒಡಿ 3ರಿಂದ 6ರೊಳಗಿರುವ, ಐದನೇ ದರ್ಜೆಯಲ್ಲಿತ್ತು. ಆ ಸ್ಥಿತಿಯಲ್ಲಿರುವ ಹೊಳೆಯನ್ನು ಚರಂಡಿಗಳನ್ನು ಹಿಡಿದರೆ ಖಂಡಿತ ಉಳಿಸಿಕೊಳ್ಳಬಹುದು. ಈ ಮಾತನ್ನು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಮೊದಲ ದರ್ಜೆಗೆ ಜಾರಿದ ಹೊಳೆಗಳ ಮೇಲೆ ಕೆಲಸ ಮಾಡಿದವರಿಗೆ ಈ ಅಂತರದ ಬೆಲೆ ಗೊತ್ತು.

ಇನ್ನು ನಿಮ್ಮ ಚರಂಡಿ. ಮಳೆನೀರಿಗಾಗಿ ಕಟ್ಟಿದ ಚರಂಡಿಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಹರಿಯುತ್ತಿದೆ ಎಂದರೆ ಅದು ಮಳೆಯ ನೀರಲ್ಲ. ಎಲ್ಲಿಂದ ಬರುತ್ತಿದೆ ಎಂಬುದನ್ನು ಹರಿವಿನ ಹೊತ್ತೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮತ್ತು ಸಂಜೆ ಹೊತ್ತಿಗೆ ಏರಿ ಮಧ್ಯರಾತ್ರಿ ಇಳಿದರೆ ಅದು ಮನೆಗಳ ನೀರು. ನಮ್ಮ ಹಳೆಯ ಮನೆಗಳಲ್ಲಿ ಪಾಯಿಖಾನೆ ಪಿಟ್‌ಗೋ ಯುಜಿಡಿಗೋ (ನೆಲದಡಿಯ ಒಳಚರಂಡಿಗೋ) ಸೇರಿದರೂ ಬಚ್ಚಲು ಮತ್ತು ಅಡುಗೆಮನೆಯ ನೀರು ಅಂದಿನಿಂದಲೂ ರಸ್ತೆ ಬದಿಯ ಮೋರಿಗೇ ಹೋಗುತ್ತಿರುತ್ತದೆ, ಮತ್ತು ಮನೆಯಿಂದ ಹೊರಬೀಳುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಹೊಳೆಯ ಮೇಲೆ ಕಾಣುವ ನೊರೆಗೂ ಮುಖ್ಯ ಕಾರಣ ಆ ಸೋಪಿನ ನೀರು. ಹರಿವು ಕರೆಂಟ್ ಹೋದಾಗಲೆಲ್ಲ ಒಮ್ಮೆಲೇ ಏರಿ, ಮಲದ ವಾಸನೆ ಹೊಡೆದರೆ ಮೇಲ್ಗಡೆ ಎಲ್ಲೋ ಒಳಚರಂಡಿಯ ಪಂಪ್‌ಹೌಸ್‌ನ ಬಾವಿ ತುಂಬಿ, ತುರ್ತು ಕೊಳವೆಯ ಮೂಲಕ ಹೊರಗೆ ಬರುತ್ತಿದೆ ಎಂದು ಅರ್ಥ. ನಸುಕಿನ ಮೂರು ಗಂಟೆಗೂ ತಿಳಿಯಾದ ನೀರು ಒಂದೇ ಸಮ ಹರಿಯುತ್ತಿದ್ದರೆ ಕುಡಿಯುವ ನೀರಿನ ಪೈಪು ಒಡೆದಿರಬಹುದು, ಅಥವಾ ನಾಲೆಯಲ್ಲಿ ನೀರು ಬಿಟ್ಟ ದಿನಗಳಾದರೆ ತುಂಗಾ ನಾಲೆಯ ಜಿನುಗು ಇರಬಹುದು. ನಾಲೆಯ ಜಿನುಗಿಗಾಗಿ ಯಾರ ಮೇಲೂ ದೂರು ಕೊಡುವ ಅಗತ್ಯವಿಲ್ಲ.

ಮಲೆನಾಡಿನ ಊರುಗಳಿಗೇ ವಿಶೇಷವಾದ ಇನ್ನೊಂದು ಕಾರಣವಿದೆ, ಅದನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ. ಅಂಗಳದಲ್ಲಿ ನೀರು ನಿಲ್ಲಬಾರದೆಂದು ಸೂರಿನ ನೀರನ್ನೂ ಅಂಗಳದ ನೀರನ್ನೂ ಯುಜಿಡಿಯ ಚೇಂಬರಿಗೆ ಬಿಡುವುದು. ಕೊಳಚೆಗೆಂದು ಅಳತೆ ಮಾಡಿ ಹಾಕಿದ ಕೊಳವೆಗೆ ಜುಲೈ ತಿಂಗಳ ಮಳೆ ಹೊಕ್ಕರೆ ತಗ್ಗಿನಲ್ಲಿರುವ ಮ್ಯಾನ್‌ಹೋಲ್‌ಗಳು ಉಕ್ಕುತ್ತವೆ, ಸಂಸ್ಕರಣಾ ಘಟಕಕ್ಕೆ ನೀರಾದ ಕೊಳಚೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳೂ ಕೊಚ್ಚಿಹೋಗುತ್ತವೆ. ಇದನ್ನು ಸರಿಪಡಿಸಲು ಯಾವ ಟೆಂಡರೂ ಬೇಡ. ಬೀದಿಯವರೇ ಬೀದಿಯವರಿಗೆ ಹೇಳಿ, ದಬ್ಬೆ ಅಥವಾ ಪೈಪನ್ನು ಮೋರಿಗೋ ಇಂಗುಗುಂಡಿಗೋ ತಿರುಗಿಸಿದರೆ ಸಾಕು. ಪಾಲಿಕೆಯ ನೋಟಿಸಿಗಿಂತ ಪಕ್ಕದ ಮನೆಯವರ ಮಾತು ಇಲ್ಲಿ ಹೆಚ್ಚು ನಡೆಯುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು: ಇಡೀ ಹೊಳೆಯ ಭಾರ ಹೊರಬೇಡಿ, ನಿಮ್ಮ ಒಂದು ಚರಂಡಿಯನ್ನು ಹಿಡಿಯಿರಿ. ಮಳೆ ಇಲ್ಲದ ದಿನ, ಅದು ಹೊಳೆಗೆ ಬೀಳುವ ಬಾಯಿಯಿಂದ ಮೇಲಕ್ಕೆ, ಚರಂಡಿಯ ಪಕ್ಕದಲ್ಲೇ ನಡೆದು ಎಲ್ಲೆಲ್ಲಿ ಕೊಳವೆಗಳು ಬಂದು ಸೇರುತ್ತವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ. ಬಾಯಿಯ ಹತ್ತಿರ ನೇರವಾಗಿರುವ ಹತ್ತು ಮೀಟರ್ ಜಾಗ ಆರಿಸಿ, ಒಣಗಿದ ಅಡಿಕೆ ಸಿಪ್ಪೆಯ ತುಂಡೊಂದನ್ನು ತೇಲಿಬಿಟ್ಟು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ನೋಡಿ. ಉದಾಹರಣೆಗೆ ನೀರು 60 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳ ಇದ್ದು, ಸಿಪ್ಪೆ 40 ಸೆಕೆಂಡಿನಲ್ಲಿ ದಾಟಿದರೆ, ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಶೇ 15ರಷ್ಟನ್ನು ಕಳೆದು, ಸೆಕೆಂಡಿಗೆ ಸುಮಾರು 12.75 ಲೀಟರ್ ಸಿಗುತ್ತದೆ. ದಿನವಿಡೀ ಅಷ್ಟೇ ಹರಿದರೆ 11 ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಜನರ ಕೊಳಚೆ. ಬೆಳಗಿನ ಏರಿದ ಹರಿವೊಂದನ್ನೇ ಅಳೆದು 24 ಗಂಟೆಗೆ ಗುಣಿಸಬೇಡಿ, ಎಂಜಿನಿಯರುಗಳು ಅದನ್ನು ಮೊದಲ ನೋಟದಲ್ಲೇ ತಳ್ಳಿಹಾಕುತ್ತಾರೆ. ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಸರಾಸರಿ ತೆಗೆಯಿರಿ. 'ನಮ್ಮ ಹೊಳೆ ಹಾಳಾಗಿದೆ' ಎಂಬ ಅರ್ಜಿಗೂ 'ಇಂಥ ಚರಂಡಿಯಿಂದ ದಿನಕ್ಕೆ ಇಷ್ಟು ಲಕ್ಷ ಲೀಟರ್ ಬೀಳುತ್ತಿದೆ, ಮೇಲಿನ ಇಂಥ ಎರಡು ಮ್ಯಾನ್‌ಹೋಲ್ ಉಕ್ಕುತ್ತಿವೆ' ಎಂಬ ಅರ್ಜಿಗೂ ಕಚೇರಿಯಲ್ಲಿ ಸಿಗುವ ಉತ್ತರವೇ ಬೇರೆ.

ಹೊಳೆಯೊಳಗಿನ ಸ್ಥಿತಿ ತಿಳಿಯಲು ಯಂತ್ರವಿಲ್ಲದ ಒಂದು ದಾರಿ ಇದೆ, ಶಾಲೆಯ ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ. ಚರಂಡಿ ಸೇರುವ ಜಾಗಕ್ಕಿಂತ ಮೇಲೆ, ಮೊಣಕಾಲುದ್ದ ಹರಿಯುವ ನೀರಿನಲ್ಲಿ ಅಂಗೈಯಗಲದ ಕಲ್ಲೊಂದನ್ನು ಎತ್ತಿ ತಳಭಾಗ ನೋಡಿ. ಬಾಲದಲ್ಲಿ ಮೂರು ಎಳೆಗಳಿರುವ ಚಪ್ಪಟೆ ಹುಳುಗಳು, ಸಣ್ಣ ಹರಳುಗಳನ್ನು ಅಂಟಿಸಿಕೊಂಡು ಗೂಡು ಕಟ್ಟಿದ ಹುಳುಗಳು ಅಲ್ಲಿದ್ದರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ. ಚರಂಡಿಯ ಕೆಳಗೆ ಅದೇ ಬಗೆಯ ಕಲ್ಲು ಎತ್ತಿದಾಗ ಬೂದು ಬಣ್ಣದ ಲೋಳೆ, ಕೆಸರಿನಲ್ಲಿ ನೆತ್ತರು ಬಣ್ಣದ ಹುಳುಗಳು ಮಾತ್ರ ಕಂಡರೆ ಅಲ್ಲಿ ಏನಾಗಿದೆ ಎಂದು ಬೇರೆ ಹೇಳಬೇಕಿಲ್ಲ. ಪ್ರಯೋಗಾಲಯದ ವರದಿ ಆ ಒಂದು ದಿನದ ನೀರನ್ನು ಹೇಳಿದರೆ ಈ ಹುಳುಗಳು ಕಳೆದ ಹಲವು ವಾರಗಳ ನೀರನ್ನು ಹೇಳುತ್ತವೆ.

ಈಗ ನಿಮ್ಮ ಮುಂದಿರುವ ಸಲಹೆಗಳು. ಸೂಕ್ಷ್ಮಾಣು ಉಂಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳಚೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಕೊರತೆ ಇಲ್ಲ, ಕೊರತೆ ಇರುವುದು ಆಮ್ಲಜನಕ ಮತ್ತು ಕಾಲಾವಕಾಶಕ್ಕೆ. ಹರಿಯುವ ಹೊಳೆಗೆ ಹಾಕಿದ ಉಂಡೆ ಇವೆರಡನ್ನೂ ಕೊಡುವುದಿಲ್ಲ. ಆ ಹಣವನ್ನು ಎರಡು ಬಡ ಕುಟುಂಬಗಳ ಯುಜಿಡಿ ಸಂಪರ್ಕಕ್ಕೆ ಕೊಡಿ.

ಹೂಳಿನ ವಿಷಯದಲ್ಲಿ ಎಚ್ಚರ ಬೇಕು. ಚರಂಡಿಯ ಹೂಳನ್ನು ಮಳೆಗೆ ಮುಂಚೆ ತೆಗೆಯಲೇಬೇಕು, ಅದು ಪಾಲಿಕೆಯ ಪ್ರತಿವರ್ಷದ ಕೆಲಸ. ತೆಗೆದ ಹೂಳನ್ನು ಅದೇ ದಂಡೆಯ ಮೇಲೆ ರಾಶಿ ಹಾಕಿ ಹೋದರೆ ಮೊದಲ ಮಳೆಗೆ ಮತ್ತೆ ಅಲ್ಲಿಗೇ ಸೇರುತ್ತದೆ, ಇದನ್ನು ನಿಂತು ನೋಡಿಕೊಳ್ಳುವುದು ನಿಮ್ಮಂಥ ಗುಂಪಿನಿಂದ ಆಗುವ ಕೆಲಸ. ಆದರೆ ಹೊಳೆಯ ಒಡಲಿಗೆ ಜೆಸಿಬಿ ಇಳಿಸುವುದು ಬೇರೆಯೇ ಮಾತು. ಬಂಡೆ, ಮರಳು, ಮಡುಗಳೇ ಮೀನು ಮೊಟ್ಟೆ ಇಡುವ, ನೀರು ಗಾಳಿಯನ್ನು ಹೀರುವ ಜಾಗಗಳು. ಒಡಲನ್ನು ಸಮತಟ್ಟು ಮಾಡಿದರೆ ದಂಡೆ ಬುಡದಿಂದ ಕುಸಿಯುತ್ತದೆ, ಅನುಮತಿ ಇಲ್ಲದೆ ಮಾಡಿದರೆ ಅಪರಾಧವೂ ಹೌದು, ಮತ್ತು ಹೂಳಿನ ಹೆಸರಿನಲ್ಲಿ ಮರಳು ಹೊರಟುಹೋಗುವ ಅಪಾಯ ಇದ್ದೇ ಇದೆ.

ಗೋಡೆ ಮತ್ತು ಉದ್ಯಾನದ ಕೊಡುಗೆ ಬಂದಾಗ ಬೇಡ ಎನ್ನುವುದು ಯಾವ ಸಂಘಕ್ಕೂ ಕಷ್ಟ. ಜನ ಹೊಳೆಯ ಹತ್ತಿರ ಬಂದು ಕೂರುವಂತಾದರೆ ಅದರ ಮೇಲೆ ಅಕ್ಕರೆ ಹುಟ್ಟುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ 2019ರ ಆಗಸ್ಟ್‌ನಲ್ಲಿ ತುಂಗೆ ನಗರದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನೀವು ಕಂಡವರು. ದಂಡೆಯನ್ನು ಹೊಳೆಯ ಕಡೆಗೆ ಒತ್ತಿ ಗೋಡೆ ಎಬ್ಬಿಸಿದಷ್ಟೂ ನೆರೆಯ ನೀರಿಗೆ ಜಾಗ ಕಡಿಮೆಯಾಗಿ ಮಟ್ಟ ಏರುತ್ತದೆ, ಎದುರು ದಂಡೆಯವರಿಗೋ ಕೆಳಗಿನವರಿಗೋ ಅದು ತಟ್ಟುತ್ತದೆ. ಗೋಡೆಗೆ ಚರಂಡಿಯ ಬಾಯಿಯನ್ನು ಮುಚ್ಚುವ ಶಕ್ತಿ ಇಲ್ಲ, ಮರೆಮಾಡುವ ಶಕ್ತಿ ಮಾತ್ರ ಇದೆ. ಅಹಮದಾಬಾದಿನ ಸಾಬರಮತಿ ದಂಡೆಯನ್ನು ಮಾದರಿ ಎಂದು ತೋರಿಸುವವರು ಅಲ್ಲಿ ನಿಂತಿರುವುದು ನರ್ಮದಾ ಕಾಲುವೆಯ ನೀರು ಎಂಬುದನ್ನೂ, 2018ರ ಅದೇ ಪಟ್ಟಿಯಲ್ಲಿ ಸಾಬರಮತಿ ಮೊದಲ ದರ್ಜೆಯಲ್ಲಿ, ಅಂದರೆ ಅತಿ ಕೆಟ್ಟ ಸ್ಥಿತಿಯಲ್ಲಿ ಇತ್ತು ಎಂಬುದನ್ನೂ ಹೇಳಬೇಕು. ಕಂಪನಿಗೆ ನೀವು ಬೇರೆ ಕೆಲಸ ಕೊಡಿ: ದಂಡೆಯಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ ನೆಟ್ಟು, ನೀರಿನಂಚಿಗೆ ಲಾವಂಚ ಹಾಕಿ, ಮೂರು ಬೇಸಿಗೆ ನೀರುಣಿಸಿ ಕಾಯುವುದು, ಮತ್ತು ಸಂಪರ್ಕ ಪಡೆಯಲಾರದ ಮನೆಗಳಿಗೆ ಚೇಂಬರ್ ಕಟ್ಟಿಸಿಕೊಡುವುದು. ಎರಡನೆಯದಕ್ಕೆ ಉದ್ಘಾಟನೆಯ ಕಲ್ಲು ಹಾಕಲು ಜಾಗವಿರುವುದಿಲ್ಲ, ಹಾಗಾಗಿ ಅವರನ್ನು ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಎಂಜಿನಿಯರುಗಳು ನಿಮಗೆ ಸೂಚಿಸಬಹುದಾದ ದಾರಿಗಳು ಮೂರು. ಚರಂಡಿಯ ಬಾಯಿಯಲ್ಲಿ ಅಡ್ಡಕಟ್ಟೆ ಹಾಕಿ ಬೇಸಿಗೆಯ ಕೊಳಚೆಯನ್ನು ಯುಜಿಡಿಗೆ ತಿರುಗಿಸುವುದು ಬೇಗ ಆಗುವಂಥದ್ದು, ಒಂದೇ ಬೇಸಿಗೆಯಲ್ಲಿ ಫಲ ಕಾಣುತ್ತದೆ. ಅಪಾಯವೆಂದರೆ ಕಟ್ಟೆಯ ಹಿಂದೆ ಹೂಳು ತುಂಬುತ್ತದೆ, ಮಳೆಗಾಲದಲ್ಲಿ ತೆರೆಯದಿದ್ದರೆ ಬೀದಿಗೆ ನೀರು ನುಗ್ಗುತ್ತದೆ, ಮತ್ತು ಕಪ್ಪು ನೀರು ಕಣ್ಮರೆಯಾದ ಕೂಡಲೇ ಮನೆ ಸಂಪರ್ಕಗಳ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಮನೆಮನೆಯ ಸಂಪರ್ಕವೇ ನಿಜವಾದ ಪರಿಹಾರ. ಅದು ನಿಧಾನ, ರಸ್ತೆ ಅಗೆಯುವ ಅನುಮತಿ ಮತ್ತು ಹಣ ಬೇಕು, ಚೇಂಬರಿಗಿಂತ ತಗ್ಗಿನಲ್ಲಿರುವ ಮನೆಗಳಿಗೆ ಅದೂ ಸುಲಭವಲ್ಲ. ಅಂಥ ಕಡೆ, ಮತ್ತು ಕೆಲವೇ ನೂರು ಜನರ ಬಡಾವಣೆಗಳಲ್ಲಿ, ಜೊಂಡು ಮತ್ತು ಆಪು ಬೆಳೆಸಿದ ಜಲ್ಲಿಯ ಪಾತಿಗಳ ಮೂಲಕ ನೀರು ಹಾಯಿಸಿ ಶುದ್ಧೀಕರಿಸಬಹುದು. ಇದಕ್ಕೆ ತಲೆಗೆ ಒಂದರಿಂದ ಎರಡು ಚದರ ಮೀಟರ್ ಜಾಗ ಬೇಕು. ಹತ್ತು ಸಾವಿರ ಜನರ ಚರಂಡಿಗೆ ಒಂದರಿಂದ ಎರಡು ಹೆಕ್ಟೇರ್ ಆಗುತ್ತದೆ, ನಗರದ ನಡುವೆ ಅಷ್ಟು ಜಾಗ ಸಿಗುವುದಿಲ್ಲ. ನೆರೆ ಬರುವ ಮಟ್ಟಕ್ಕಿಂತ ಕೆಳಗೆ ಕಟ್ಟಿದರೆ ಮೊದಲ ಮಳೆಗಾಲಕ್ಕೇ ಹೋಗುತ್ತದೆ.

ಕಚೇರಿಗಳ ಬೆರಳು ತೋರಿಸುವಿಕೆಗೆ ಕಾರಣ ಇದೆ. ಚರಂಡಿ ಮತ್ತು ಕಸ ಪಾಲಿಕೆಯದು. ಒಳಚರಂಡಿ ಯೋಜನೆ ಮಾಡುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ನೀರಿನ ಗುಣಮಟ್ಟ ನೋಡುವುದು, 1974ರ ಜಲ ಕಾಯ್ದೆಯಡಿ ಕ್ರಮ ಕೈಗೊಳ್ಳುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಣೆಕಟ್ಟೆಯಿಂದ ನೀರು ಬಿಡುವುದು ನೀರಾವರಿ ನಿಗಮ. ಪ್ರತಿಯೊಬ್ಬರೂ ಹೇಳುವುದು ಅರ್ಧ ಸತ್ಯ. ಹಾಗಾಗಿ ಒಬ್ಬೊಬ್ಬರ ಮೇಜಿಗೆ ಹೋಗುವುದನ್ನು ಬಿಟ್ಟು, ನಿಮ್ಮ ಚರಂಡಿಯ ನಕ್ಷೆ ಮತ್ತು ಅಳತೆಗಳೊಂದಿಗೆ ಜಂಟಿ ಸ್ಥಳ ಪರಿಶೀಲನೆ ಮಾಡಿಸುವಂತೆ ಜಿಲ್ಲಾಧಿಕಾರಿಗೆ ಬರೆಯಿರಿ. ಎಲ್ಲರೂ ಒಂದೇ ಮ್ಯಾನ್‌ಹೋಲ್ ಸುತ್ತ ನಿಂತಾಗ ಅರ್ಧ ಸತ್ಯಗಳು ಕೂಡಿಕೊಳ್ಳುತ್ತವೆ. ಅಂದು ಒಪ್ಪಿದ್ದನ್ನು ನಡಾವಳಿಯಲ್ಲಿ ಬರೆಸಿ, ಪ್ರತಿ ಪಡೆದುಕೊಳ್ಳಿ. ಕಾಗದದಲ್ಲಿ ಇಲ್ಲದ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯೊಂದಿಗೆ ಹೋಗಿಬಿಡುತ್ತದೆ. ನ್ಯಾಯಾಲಯ ಅಥವಾ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ದಾರಿ ನಿಮಗೆ ಯಾವಾಗಲೂ ತೆರೆದಿದೆ. ಆದರೆ ಪ್ರಕರಣ ಹೂಡಿದ ದಿನದಿಂದ ಅಧಿಕಾರಿಗಳು ನಿಮ್ಮೊಡನೆ ಮಾತಾಡುವುದನ್ನು ಬಿಟ್ಟು ವಕೀಲರೊಡನೆ ಮಾತಾಡುತ್ತಾರೆ. ಬರೆದುಕೊಟ್ಟ ಒಪ್ಪಿಗೆಯನ್ನು ಒಂದು ಪೂರ್ತಿ ಬೇಸಿಗೆ ಕಳೆದರೂ ನಡೆಸದಿದ್ದರೆ ಆಗ ಹೋಗಿ. ಅಷ್ಟರಲ್ಲಿ ನಿಮ್ಮ ಕೈಯಲ್ಲಿ ದಾಖಲೆಗಳೂ ಇರುತ್ತವೆ.

ಜನ ಸೇರಿ ಹೊಳೆಯನ್ನು ಉಳಿಸಿದ್ದುಂಟೇ ಎಂದು ನಿಮ್ಮ ಗುಂಪಿನವರು ಕೇಳಿದರೆ ದೂರದ ಒಂದು, ಹತ್ತಿರದ ಒಂದು ಉದಾಹರಣೆ ಕೊಡಿ. ಪಂಜಾಬಿನಲ್ಲಿ ಗುರು ನಾನಕರ ನೆನಪಿನ ಕಾಲಿ ಬೇಯ್ನ್ ನದಿ ಕೊಳಚೆ ಮತ್ತು ಕಳೆಯಿಂದ ಮುಚ್ಚಿಹೋಗಿತ್ತು. 2000ನೇ ಇಸವಿಯಲ್ಲಿ ಸಂತ ಬಲಬೀರ್ ಸಿಂಗ್ ಸೀಚೆವಾಲ್ ಅವರು ಜನರ ಕರಸೇವೆಯಿಂದ ಅದನ್ನು ಶುಚಿಗೊಳಿಸಲು ಆರಂಭಿಸಿದರು. ಅಲ್ಲಿ ಗಮನಿಸಬೇಕಾದದ್ದು ಕಳೆ ಕಿತ್ತಿದ್ದಕ್ಕಿಂತ ಮುಂದಿನ ಹೆಜ್ಜೆಯನ್ನು: ಹಳ್ಳಿಗಳ ಕೊಳಚೆಯನ್ನು ನದಿಗೆ ಬಿಡದೆ ಕೊಳಗಳಲ್ಲಿ ನಿಲ್ಲಿಸಿ, ಶುದ್ಧವಾದ ಮೇಲೆ ಹೊಲಗಳಿಗೆ ಹಾಯಿಸಿದ್ದು. ಊರುಗಳ ಕೊಳಚೆ ಮತ್ತೆ ಹರಿದುಬಂದಾಗ ಮೀನುಗಳು ಸತ್ತದ್ದೂ ಅಲ್ಲಿಯೇ ನಡೆದಿದೆ. ಹತ್ತಿರದ್ದು ನಮ್ಮ ತುಂಗೆಯ ಮೇಲೆಯೇ ಇದೆ. ಶೃಂಗೇರಿಯ ದೇವರ ಮೀನುಗಳನ್ನೂ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮವನ್ನೂ ಕಾಯ್ದುಕೊಂಡು ಬಂದಿರುವುದು ಕಾವಲುಗಾರನಿಗಿಂತ ಹೆಚ್ಚಾಗಿ, ಇಲ್ಲಿ ಬಲೆ ಬೀಸಬಾರದೆಂದು ಊರವರೇ ಒಪ್ಪಿಕೊಂಡ ಕಟ್ಟಳೆ. ಕಟ್ಟಳೆ ನಮ್ಮದೆಂದು ಊರಿಗೆ ಅನ್ನಿಸಿದರೆ ಅದು ತಲೆಮಾರುಗಳವರೆಗೆ ನಡೆಯುತ್ತದೆ.

ಆ ಕಾರಣಕ್ಕೇ, ನಿಮ್ಮ ಗುಂಪಿನಲ್ಲಿ ಯಾರು ಇಲ್ಲ ಎಂಬುದನ್ನು ನೋಡಿಕೊಳ್ಳಿ. ಬಟ್ಟೆ ಒಗೆಯುವ ಮಡಿವಾಳರು, ಮೀನು ಹಿಡಿಯುವವರು, ಪೌರಕಾರ್ಮಿಕರು ದಿನವೂ ಹೊಳೆಯನ್ನು ನೋಡುತ್ತಾರೆ, ಯಾವ ಮೋರಿ ಯಾವಾಗ ಉಕ್ಕುತ್ತದೆ ಎಂಬುದು ಅವರಿಗೆ ಗೊತ್ತು. ದಂಡೆಯ ಗುಡಿಸಲುಗಳವರನ್ನು ದೂರುವುದು ಸುಲಭ, ಏಕೆಂದರೆ ಅವರ ಕೊಳೆ ಕಣ್ಣಿಗೆ ಕಾಣುತ್ತದೆ. ಮೂರು ಬೀದಿ ಆಚೆಯ ಕಲ್ಯಾಣ ಮಂಟಪದ, ಹೋಟೆಲಿನ, ವಾಹನ ತೊಳೆಯುವ ಅಂಗಡಿಯ ಕೊಳವೆ ಕಾಣುವುದಿಲ್ಲ. ನೀವು ನಕ್ಷೆ ಮಾಡಿ ಮುಗಿಸುವವರೆಗೆ ಯಾರ ಮೇಲೂ ತಪ್ಪು ಹೊರಿಸಬೇಡಿ.

ಕೊನೆಗೆ ಸುರಕ್ಷತೆಯ ಮಾತು, ಇದರಲ್ಲಿ ರಾಜಿ ಬೇಡ. ಮ್ಯಾನ್‌ಹೋಲ್‌ನ ಮುಚ್ಚಳವನ್ನು ನೀವು ತೆರೆಯಬೇಡಿ, ಯಾರನ್ನೂ ಒಳಗೆ ಇಳಿಸಬೇಡಿ. ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ, ಮತ್ತು 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದನ್ನು ನಿಷೇಧಿಸಿದೆ. ಕೈಕಾಲಿನಲ್ಲಿ ಗಾಯ ಇದ್ದವರು ದಂಡೆಯ ಕೆಸರಿಗೆ ಇಳಿಯಬಾರದು, ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಕೆಲಸದ ನಂತರ ವಾರ ಎರಡು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ವೈದ್ಯರಿಗೆ ಹೊಳೆಯ ಕೆಲಸ ಮಾಡಿದ್ದನ್ನು ತಪ್ಪದೆ ಹೇಳಿ. ನೀರಿನ ಪರೀಕ್ಷೆ ಮಾಡಿಸುವುದಾದರೆ ಮಳೆ ಬಿದ್ದು ಎರಡು ಮೂರು ದಿನ ಕಳೆದ ಮೇಲೆ, ಚರಂಡಿ ಸೇರುವ ಜಾಗದ ಮೇಲೊಂದು, ಕೆಳಗೊಂದು, ಚರಂಡಿಯದೇ ಒಂದು ಮಾದರಿ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ತಲುಪಿಸಿ. ಬಿಒಡಿ ಪರೀಕ್ಷೆಗೇ ಮೂರು ದಿನ ಬೇಕು, ಆದ್ದರಿಂದ ಜಂಟಿ ಪರಿಶೀಲನೆಯ ದಿನಕ್ಕೆ ವರದಿ ಕೈಯಲ್ಲಿರಬೇಕಾದರೆ ಒಂದು ವಾರ ಮುಂಚೆಯೇ ಮಾದರಿ ಕಳುಹಿಸಿ.